ಅಜ್ಜ ಯಾವುದರಿಂದ ಹೋದರು?

ಪೌತಿ ಖಾತೆ ಮಾಡಿಸಲು ಓಡಾಡಿದವರಿಗೆಲ್ಲ ವಂಶವೃಕ್ಷದ ಕಾಗದ ಗೊತ್ತು. ನಾಡಕಚೇರಿಗೆ ಅರ್ಜಿ ಹಾಕಬೇಕು, ಅಫಿಡವಿಟ್ ಲಗತ್ತಿಸಬೇಕು, ಗ್ರಾಮ ಲೆಕ್ಕಿಗರು ಊರಲ್ಲಿ ನಾಲ್ಕು ಜನರನ್ನು ವಿಚಾರಿಸಿ ಮಹಜರು ಬರೆಯಬೇಕು. (ಈಗ ಅವರನ್ನು ಗ್ರಾಮ ಆಡಳಿತಾಧಿಕಾರಿ ಎನ್ನಬೇಕು. ನಮ್ಮ ಬಾಯಿಗೆ ಇನ್ನೂ ಬಂದಿಲ್ಲ.) ಮೇಲೆ ಅಜ್ಜ, ಕೆಳಗೆ ಅವರ ಮಕ್ಕಳು, ಅದರ ಕೆಳಗೆ ನಾವು. ತೀರಿಕೊಂಡವರ ಹೆಸರಿನ ಮುಂದೆ ‘ಮರಣ’ ಎಂದೊಂದು ಪದ. ಹೆಣ್ಣುಮಕ್ಕಳ ಹೆಸರನ್ನೂ ಈಗ ಬಿಡುವಂತಿಲ್ಲ, ಸಹಿ ಬೇಕಲ್ಲ. ಕೆಲವು ವರ್ಷಗಳ ಹಿಂದೆ ನಾನೂ ನಮ್ಮಣ್ಣನೂ ಆರು ತಿಂಗಳು ಅಲೆದು ಒಂದೂವರೆ ಎಕರೆ ತೋಟಕ್ಕಾಗಿ ಅಂಥದ್ದೊಂದು ಕಾಗದ ಮಾಡಿಸಿದೆವು. ನಾಲ್ಕು ತಲೆಮಾರು, ಇಪ್ಪತ್ತಮೂರು ಹೆಸರು. ಒಂದೂ ತಪ್ಪಿರಲಿಲ್ಲ.

ಆ ಕಾಗದದಲ್ಲಿ ಇಲ್ಲದ ಒಂದು ಕಾಲಂ ಬಗ್ಗೆ ನಿಮ್ಮಲ್ಲಿ ಕೇಳಿಕೊಳ್ಳುವುದಿದೆ.

ಖಾತೆ ಬದಲಾದ ಮರುವರ್ಷ ಅಣ್ಣನಿಗೆ ಸೊಂಟ ಹಿಡಿಯಿತು. ಅವನಿಗಾಗ 64. ತೋಟದಲ್ಲಿ ಬಗ್ಗಿ ಏಳುವವನಿಗೆ ಸೊಂಟ ಹಿಡಿಯುವುದೇನು ಹೊಸತೇ ಎಂದು ಎಣ್ಣೆ ತಿಕ್ಕಿಸಿಕೊಂಡ. ರಾತ್ರಿ ನಾಲ್ಕೈದು ಸಲ ಏಳುತ್ತಿದ್ದ, ಎದ್ದರೂ ಸರಿಯಾಗಿ ಹೋಗುತ್ತಿರಲಿಲ್ಲ. ಅದಕ್ಕೂ ‘ವಯಸ್ಸಾಯ್ತಲ್ಲ ಮಾರಾಯ’ ಎಂಬ ಸಮಾಧಾನ ಇತ್ತು. ಕೊನೆಗೆ ಅತ್ತಿಗೆ ಹಟ ಹಿಡಿದು ಕರೆದುಕೊಂಡು ಹೋದ ಮೇಲೆ ಗೊತ್ತಾಯಿತು: ಪ್ರಾಸ್ಟೇಟ್ ಕ್ಯಾನ್ಸರ್. ರಕ್ತದಲ್ಲಿ ಪಿಎಸ್‌ಎ ಎಂಬುದು ನಾಲ್ಕರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ ಎನ್ನುತ್ತಾರೆ. ಅವನದು ಮುನ್ನೂರು ದಾಟಿತ್ತು. ಆಗಲೇ ಮೂಳೆಗೆ ಇಳಿದಿತ್ತು.

ವೈದ್ಯೆ ಚಿಕ್ಕ ವಯಸ್ಸಿನವರು. ಫೈಲಿನಲ್ಲಿ ಬರೆದುಕೊಳ್ಳುತ್ತಾ ಕೇಳಿದರು: “ಮನೇಲಿ ಯಾರಿಗಾದ್ರೂ ಕ್ಯಾನ್ಸರ್ ಇತ್ತಾ?”

“ನಮ್ಮ ವಂಶದಲ್ಲೇ ಇಲ್ಲ ಮೇಡಂ.” ಅಣ್ಣ ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ.

“ತಂದೆಯವರು ಹೇಗೆ ತೀರಿಕೊಂಡ್ರು?”

“ಸೊಂಟನೋವು. ಒಂದು ವರ್ಷ ಮಲಗಿದ್ರು.”

ಅವರು ಪೆನ್ನು ಕೆಳಗಿಟ್ಟರು. “ಸೊಂಟನೋವಿಂದ ಯಾರೂ ಸಾಯಲ್ಲ ಸರ್” ಎಂದರು.

ಆಮೇಲೆ ಒಂದೊಂದೇ ಕೇಳುತ್ತಾ ಹೋದರು. ಮಲಗುವ ಮುಂಚೆ ಮೂತ್ರದ ತೊಂದರೆ ಇತ್ತೇ? ಇತ್ತು. ನೋವು ರಾತ್ರಿ ಹೆಚ್ಚಾಗುತ್ತಿತ್ತೇ? ಆಗುತ್ತಿತ್ತು. ಕೊನೆಗೆ ಕಾಲಿನ ಬಲ ಹೋಯಿತೇ? ಹೋಯಿತು. ಮೂವತ್ತು ವರ್ಷ ಕಳೆದ ಮೇಲೆ ಏನನ್ನೂ ಖಚಿತವಾಗಿ ಹೇಳಲಾಗದು, ಆದರೆ ಈ ಕಾಯಿಲೆ ಬೆನ್ನುಮೂಳೆಗೆ ಇಳಿದಾಗ ನಡೆಯುವುದು ಹೀಗೆಯೇ ಎಂದರು. ಅಪ್ಪನ ಸೊಂಟಕ್ಕೆ ದಿನಕ್ಕೆರಡು ಬಾರಿ ಎಣ್ಣೆ ತಿಕ್ಕಿ ಒತ್ತುತ್ತಿದ್ದವರು ನಾವಿಬ್ಬರೇ. ಆಸ್ಪತ್ರೆಯಿಂದ ಹೊರಟು ಬಸ್ ಸ್ಟ್ಯಾಂಡ್ ತಲುಪುವವರೆಗೂ ಅಣ್ಣ ಮಾತಾಡಲಿಲ್ಲ.

ಓದುಗರೇ, ನಿಮ್ಮಪ್ಪ ಯಾವುದರಿಂದ ಹೋದರು? ಅಜ್ಜ? ಅಮ್ಮನ ಅಪ್ಪ? ‘ವಯಸ್ಸಾಗಿತ್ತು’ ಎಂಬ ಉತ್ತರ ಬೇಡ. ಈ ವಾರ ಒಂದು ಹಾಳೆ ತೆಗೆದುಕೊಂಡು ನಿಮ್ಮ ವಂಶವೃಕ್ಷವನ್ನು ಇನ್ನೊಮ್ಮೆ ಬರೆಯಿರಿ, ಈ ಬಾರಿ ಕಾಯಿಲೆಗಳ ಸಮೇತ. ನಾನು ಬೇಡುತ್ತಿರುವುದು ಇಷ್ಟೇ. ಯಾಕೆ ಎಂದು ಹೇಳಲು ಮಾತ್ರ ಸ್ವಲ್ಪ ಉದ್ದ ಬೇಕು.

ಪ್ರಾಸ್ಟೇಟ್ ಗಂಡಸರಿಗೆ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಬುಡದಲ್ಲಿ, ಗುದನಾಳದ ಮುಂಭಾಗದಲ್ಲಿ ಕೂತಿರುತ್ತದೆ. ಹರೆಯದಲ್ಲಿ ಒಂದು ದೊಡ್ಡ ನೆಲ್ಲಿಕಾಯಿಯಷ್ಟು. ಮೂತ್ರನಾಳ ಅದರ ನಡುವೆಯೇ ತೂರಿಕೊಂಡು ಬರುತ್ತದೆ, ಆದ್ದರಿಂದ ಅದು ಊದಿದರೆ ಮೂತ್ರಕ್ಕೆ ಅಡ್ಡಿ. ವೀರ್ಯದ ದ್ರವದಲ್ಲಿ ಒಂದು ಪಾಲು ತಯಾರಿಸುವುದು ಇದರ ಕೆಲಸ. ಐವತ್ತು ದಾಟಿದ ಬಹುಪಾಲು ಗಂಡಸರಲ್ಲಿ ಇದು ನಿಧಾನವಾಗಿ ದೊಡ್ಡದಾಗುತ್ತದೆ. ಅದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ಕ್ಯಾನ್ಸರ್ ಸಾಮಾನ್ಯವಾಗಿ ಗ್ರಂಥಿಯ ಹೊರಪದರದಲ್ಲಿ, ಮೂತ್ರನಾಳದಿಂದ ದೂರದಲ್ಲಿ ಹುಟ್ಟುತ್ತದೆ. ಹಾಗಾಗಿಯೇ ಮೊದಮೊದಲು ಸದ್ದಿಲ್ಲ. ಸದ್ದು ಕೇಳಿಸುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಅದು ಬೇಲಿ ಹಾರಿರುತ್ತದೆ.

2022ರಲ್ಲಿ ಜಗತ್ತಿನಲ್ಲಿ ಸುಮಾರು 14.7 ಲಕ್ಷ ಗಂಡಸರಲ್ಲಿ ಹೊಸದಾಗಿ ಈ ಕಾಯಿಲೆ ಪತ್ತೆಯಾಯಿತು, ಸುಮಾರು 4 ಲಕ್ಷ ಜನ ತೀರಿಕೊಂಡರು. 2040ರ ಹೊತ್ತಿಗೆ ಹೊಸ ರೋಗಿಗಳ ಸಂಖ್ಯೆ ವರ್ಷಕ್ಕೆ 29 ಲಕ್ಷಕ್ಕೆ ಏರಬಹುದು ಎಂದು 2024ರಲ್ಲಿ ಲ್ಯಾನ್ಸೆಟ್ ಆಯೋಗ ಅಂದಾಜು ಮಾಡಿತು. ನಮ್ಮಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ನಗರದ ಕ್ಯಾನ್ಸರ್ ರೋಗಿಗಳ ದಾಖಲೆ ಇಡುತ್ತಾ ಬಂದಿದೆ. ರಾಷ್ಟ್ರೀಯ ನೋಂದಣಿ ಕಾರ್ಯಕ್ರಮದಡಿ ಹೀಗೆ ಊರಿನ ಲೆಕ್ಕ ಇಟ್ಟ ಮೊದಲ ಮೂರರಲ್ಲಿ ಅದೂ ಒಂದು, ಉಳಿದೆರಡು ಮುಂಬೈ, ಚೆನ್ನೈ. ಒಂದು ಕಾಲಕ್ಕೆ ಹಿಂದಿನ ಸಾಲಿನಲ್ಲಿದ್ದ ಪ್ರಾಸ್ಟೇಟ್, ಇವತ್ತು ಬೆಂಗಳೂರಿನ ಗಂಡಸರಲ್ಲಿ ಮುಂದಿನ ಸಾಲಿನ ಕ್ಯಾನ್ಸರ್.

ಬರುವುದು ಯಾಕೆ? ಬೀಡಿ ಮತ್ತು ಶ್ವಾಸಕೋಶದಂತೆ, ಅಡಿಕೆ–ಹೊಗೆಸೊಪ್ಪು ಮತ್ತು ಬಾಯಿಯಂತೆ ಬೆರಳು ಮಾಡಿ ತೋರಿಸುವ ಒಂದು ಕಾರಣ ಇಲ್ಲಿಲ್ಲ. ಗಟ್ಟಿಯಾಗಿ ಸಾಬೀತಾದವು ಮೂರೇ: ವಯಸ್ಸು, ವಂಶ, ಮೂಲ ಜನಾಂಗ. ಮೂರನ್ನೂ ಬದಲಿಸಲು ಬರುವುದಿಲ್ಲ. ಆದರೆ ಮೂರರಲ್ಲಿ ಒಂದನ್ನು ಬರೆದಿಟ್ಟುಕೊಳ್ಳಬಹುದು.

ವಯಸ್ಸಿನ ಮಾತು ಬೇಗ ಮುಗಿಯುತ್ತದೆ. ನಲವತ್ತರ ಒಳಗೆ ಅಪರೂಪ, ಐವತ್ತರ ನಂತರ ಏರುತ್ತಾ ಹೋಗುತ್ತದೆ, ಪತ್ತೆಯಾಗುವವರಲ್ಲಿ ಹೆಚ್ಚಿನವರು 65 ದಾಟಿದವರು. ಬೇರೆ ಯಾವುದೋ ಕಾರಣಕ್ಕೆ ತೀರಿಕೊಂಡ ಎಂಬತ್ತು ಮೀರಿದವರ ಶವಪರೀಕ್ಷೆ ಮಾಡಿ ನೋಡಿದರೆ ಅರ್ಧಕ್ಕೂ ಹೆಚ್ಚು ಜನರ ಗ್ರಂಥಿಯಲ್ಲಿ ಸಣ್ಣ ಕ್ಯಾನ್ಸರ್ ಚುಕ್ಕೆ ಸಿಗುತ್ತದೆ. ಅವರು ಅದರ ಸುದ್ದಿಯೇ ಇಲ್ಲದೆ ಬದುಕಿ ಹೋದವರು. ಈ ಸಂಗತಿ ನೆನಪಿರಲಿ, ಮುಂದೆ ಪರೀಕ್ಷೆಯ ವಿಚಾರಕ್ಕೆ ಬಂದಾಗ ಬೇಕಾಗುತ್ತದೆ.

ವಂಶದ ಕಥೆ ದೊಡ್ಡದು. ಅಮೆರಿಕದ ಯೂಟಾ ರಾಜ್ಯದಲ್ಲಿ ಮಾರ್ಮನ್ ಪಂಥದವರು ಧಾರ್ಮಿಕ ಕಾರಣಕ್ಕೆ ತಮ್ಮ ವಂಶಾವಳಿಯನ್ನು ತಲೆತಲಾಂತರದಿಂದ ಬರೆದಿಡುವವರು. 1960ರಲ್ಲಿ ಚಾರ್ಲ್ಸ್ ವುಲ್ಫ್ ಎಂಬ ಸಂಶೋಧಕ ಅಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತವರ ತಂದೆ, ಅಣ್ಣತಮ್ಮಂದಿರ ಮರಣ ದಾಖಲೆ ತೆಗೆದು ನೋಡಿದ. ಅವರಲ್ಲಿ ಅದೇ ಕಾಯಿಲೆಯ ಸಾವು ಬೇರೆ ಮನೆಗಳಿಗಿಂತ ಸುಮಾರು ಮೂರು ಪಟ್ಟು. ಮುಂದೆ ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್‌ಗಳ ಸಾವಿರಾರು ಅವಳಿಗಳನ್ನು ದಶಕಗಟ್ಟಲೆ ಗಮನಿಸಿದ ಅಧ್ಯಯನ 2000ದಲ್ಲಿ ಬಂತು, 2016ರಲ್ಲಿ ಇನ್ನೂ ದೊಡ್ಡದಾಗಿ ಬಂತು. ಸಾಮಾನ್ಯ ಕ್ಯಾನ್ಸರ್‌ಗಳ ಪೈಕಿ ರಕ್ತಸಂಬಂಧದ ಪಾಲು ಅತಿ ಹೆಚ್ಚಿರುವವುಗಳಲ್ಲಿ ಪ್ರಾಸ್ಟೇಟ್ ಒಂದು ಎಂದು ಅವು ತೋರಿಸಿದವು. ಇವತ್ತಿನ ಲೆಕ್ಕದಲ್ಲಿ ಅಪ್ಪನಿಗೆ ಬಂದಿದ್ದರೆ ಮಗನ ಅಪಾಯ ಸುಮಾರು ಎರಡು ಪಟ್ಟು, ಅಣ್ಣನಿಗೋ ತಮ್ಮನಿಗೋ ಬಂದಿದ್ದರೆ ಅದಕ್ಕಿಂತ ಹೆಚ್ಚು, ಇಬ್ಬರು ಮೂವರಿಗೆ ಬಂದಿದ್ದರೆ ಇನ್ನೂ ಹೆಚ್ಚು. ಅದೂ ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ ಎಚ್ಚರ ಮತ್ತಷ್ಟು ಬೇಕು.

ಇಲ್ಲಿ ನಮ್ಮ ಗೋತ್ರ, ಬಳಿಗಳ ಲೆಕ್ಕ ಕೈಕೊಡುತ್ತದೆ. ಗೋತ್ರ ಹೇಳುವವರು ಅಪ್ಪನ ಕಡೆಯನ್ನಷ್ಟೇ ಎಣಿಸುತ್ತಾರೆ. ಅಳಿಯಸಂತಾನದ ತುಳುನಾಡಿನವರ ಬಳಿ ತಾಯಿಯ ಕಡೆಯಿಂದ ಇಳಿದು ಬರುತ್ತದೆ. ಕಾಯಿಲೆಯ ಜೀನ್ ಎರಡನ್ನೂ ಕೇಳುವುದಿಲ್ಲ. ‘ಗಂಡಸರ ರೋಗ, ಗಂಡಸರ ಕಡೆಯಿಂದಲೇ ಬರಬೇಕು’ ಎಂದು ನಾನೂ ನಂಬಿದ್ದೆ. ಹಾಗಿಲ್ಲ. 1990ರಿಂದ 95ರ ಒಳಗೆ ಗುರುತು ಸಿಕ್ಕ ಬಿಆರ್‌ಸಿಎ–1, ಬಿಆರ್‌ಸಿಎ–2 ಎಂಬ ಎರಡು ಜೀನ್‌ಗಳನ್ನು ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ಸಂಬಂಧಿಸಿದವು ಎಂದೇ ಎಲ್ಲರೂ ಬಲ್ಲರು. ಜೀವಕೋಶದಲ್ಲಿ ಹರಿದುಹೋದ ಡಿಎನ್‌ಎಯನ್ನು ಹೊಲಿದು ಸರಿಮಾಡುವ ಕೆಲಸ ಅವುಗಳದ್ದು. ಬಿಆರ್‌ಸಿಎ–2 ಕೆಟ್ಟಿರುವ ಗಂಡಸಿಗೆ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಹೆಚ್ಚು. ಬೇಗ ಬರುತ್ತದೆ, ಬಂದರೆ ಹುರುಪಿನಿಂದ ಹರಡುತ್ತದೆ. ಆ ಜೀನ್ ಅಮ್ಮನಿಂದಲೂ ಬರಬಹುದು. ಅಂದರೆ ನಿಮ್ಮ ದೊಡ್ಡಮ್ಮನಿಗೆ ನಲವತ್ತೆರಡರಲ್ಲಿ ಎದೆಯಲ್ಲಿ ಗಂಟಾಗಿತ್ತು ಎಂಬ ಸುದ್ದಿ ನಿಮ್ಮ ಗಂಡುಮಗನಿಗೂ ಬೇಕಾದ ಸುದ್ದಿ. ನಿಮ್ಮ ಅಪ್ಪನ ಪ್ರಾಸ್ಟೇಟ್ ನಿಮ್ಮ ಹೆಣ್ಣುಮಗಳಿಗೂ ಬೇಕಾದ ಸುದ್ದಿ.

ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಿದ ಸ್ಥಿತಿಯಲ್ಲಿರುವ ರೋಗಿಗಳನ್ನು ಪರೀಕ್ಷಿಸಿದಾಗ ನೂರರಲ್ಲಿ ಸುಮಾರು ಹನ್ನೆರಡು ಮಂದಿಯಲ್ಲಿ ಹುಟ್ಟಿನಿಂದಲೇ ಬಂದ ಇಂಥ ಜೀನ್ ದೋಷ ಇತ್ತೆಂದು 2016ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಅದು ತಿಳಿದರೆ ಔಷಧಿಯ ಆಯ್ಕೆಯೂ ಬದಲಾಗುತ್ತದೆ. ಒಲಾಪರಿಬ್ ಎಂಬ ಗುಳಿಗೆ ಹೆಚ್ಚಾಗಿ ಕೆಲಸ ಮಾಡುವುದು ಇಂಥ ದೋಷ ಇರುವವರಲ್ಲಿ. ಇದೆಲ್ಲ ಹೇಳಿದ ಮೇಲೆ ಇನ್ನೊಂದು ಮಾತೂ ಹೇಳಬೇಕು: ಈ ಕಾಯಿಲೆ ಬಂದ ಹೆಚ್ಚಿನವರ ಮನೆಯಲ್ಲಿ ಬೇರೆ ಯಾರಿಗೂ ಬಂದಿರುವುದಿಲ್ಲ. ನಿಮ್ಮ ಹಾಳೆ ಖಾಲಿ ಇದ್ದರೆ ಪೂರ್ತಿ ನಿಶ್ಚಿಂತೆ ಎಂದಲ್ಲ. ತುಂಬಿದ್ದರೆ ಬಂದೇ ಬರುತ್ತದೆ ಎಂದೂ ಅಲ್ಲ.

ಜನಾಂಗದ ವಿಚಾರ ನಮಗೆ ಅಡ್ಡದಾರಿಯಂತೆ ಕಾಣಬಹುದು, ಆದರೆ ಪರದೇಶದಲ್ಲಿ ಮಕ್ಕಳಿರುವವರು ಕೇಳಬೇಕು. ಆಫ್ರಿಕಾ ಮೂಲದ ಅಮೆರಿಕನ್ನರಲ್ಲಿ, ಕೆರಿಬಿಯನ್ ದ್ವೀಪಗಳವರಲ್ಲಿ ಈ ಕ್ಯಾನ್ಸರ್ ಅತಿ ಹೆಚ್ಚು. ಅಮೆರಿಕದಲ್ಲಿ ಕಪ್ಪು ಜನ ಬಿಳಿಯರ ಎರಡರಷ್ಟು ಪ್ರಮಾಣದಲ್ಲಿ ಇದಕ್ಕೆ ಬಲಿಯಾಗುತ್ತಾರೆ. ಏಷ್ಯಾದಲ್ಲಿ ಕಡಿಮೆ. ಆದರೆ ಜಪಾನಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರಲ್ಲಿ ಅದು ತವರಿಗಿಂತ ಹೆಚ್ಚಾಯಿತು ಎಂದು 1968ರಲ್ಲೇ ಗೊತ್ತಾಗಿತ್ತು. ಅಮೆರಿಕ, ಬ್ರಿಟನ್‌ಗಳಲ್ಲಿ ನೆಲೆಸಿದ ಭಾರತೀಯರಲ್ಲೂ ಇಲ್ಲಿಗಿಂತ ಪ್ರಮಾಣ ಹೆಚ್ಚು. ಅಲ್ಲಿ ಪರೀಕ್ಷೆ ಹೆಚ್ಚು ಮಾಡುವುದರಿಂದ ಹೆಚ್ಚು ಸಿಗುತ್ತದೆ ಎಂಬುದು ಒಂದು ಪಾಲು. ಊಟ, ಮೈತೂಕ, ಜೀವನಕ್ರಮ ಇನ್ನೊಂದು ಪಾಲು. ಜೀನ್ ವಿಮಾನದಲ್ಲಿ ಬದಲಾಗುವುದಿಲ್ಲವಲ್ಲ.

ಅಣ್ಣನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಹೊಸ ಡಾಕ್ಟರ ಹತ್ತಿರ ಹೋದಾಗ ಫಾರಂ ಕೊಟ್ಟರಂತೆ. ಅಪ್ಪ, ಅಮ್ಮ, ಅಜ್ಜ, ಅಜ್ಜಿ ಇಬ್ಬರ ಕಡೆಯವರೂ, ಯಾವ ಕಾಯಿಲೆ, ಎಷ್ಟನೇ ವಯಸ್ಸಿನಲ್ಲಿ. ನಮ್ಮ ರಾತ್ರಿ ಹನ್ನೊಂದಕ್ಕೆ ಫೋನು: “ಚಿಕ್ಕಪ್ಪ, ಅಜ್ಜ ಯಾವುದರಿಂದ ಹೋದ್ರು?” ಆಗಿನ್ನೂ ಅಣ್ಣನ ಕಾಯಿಲೆ ಗೊತ್ತಾಗಿರಲಿಲ್ಲ. “ಸೊಂಟನೋವು ಅಂತ ಬರಿ” ಎಂದಿದ್ದೆ ನಾನು. ಅವನು ಹಾಗೇ ಬರೆದಿದ್ದ.

ಉಳಿದ ಕಾರಣಗಳು ಕೆಲವು ಅರ್ಧ ಸಾಬೀತು, ಕೆಲವು ಕಾಲು ಸಾಬೀತು. ಒಂದು ಮಾತ್ರ ಖಚಿತ: ಗಂಡಸಿನ ಹಾರ್ಮೋನ್ ಟೆಸ್ಟೋಸ್ಟೆರಾನ್ ಇಲ್ಲದೆ ಈ ಕ್ಯಾನ್ಸರ್ ಬೆಳೆಯಲು ಒದ್ದಾಡುತ್ತದೆ. ಷಿಕಾಗೊದ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ಹರಡಿದ ಕಾಯಿಲೆಯ ರೋಗಿಗಳ ವೃಷಣ ತೆಗೆದಾಗ ಅವರ ನೋವು ಇಳಿಯಿತು. 1966ರಲ್ಲಿ ಹಗಿನ್ಸ್‌ಗೆ ನೊಬೆಲ್ ಬಂತು. ಇವತ್ತಿಗೂ ಅಣ್ಣನಿಗೆ ಕೊಡುವ ಇಂಜೆಕ್ಷನ್ ಮಾಡುವುದು ಅದೇ ಕೆಲಸವನ್ನು. ಹಾಗೆಂದು ಯಾರ ರಕ್ತದಲ್ಲಿ ಆ ಹಾರ್ಮೋನ್ ಜಾಸ್ತಿಯೋ ಅವರಿಗೇ ಬರುತ್ತದೆ ಎಂದಲ್ಲ. ಹಾರ್ಮೋನ್ ಸೌದೆ, ಕಿಡಿ ಬೇರೆ ಕಡೆಯಿಂದ.

ಬೀಡಿ ಸಿಗರೇಟು ಸೇದುವವರಿಗೆ ಈ ಕಾಯಿಲೆ ಬಂದರೆ ಅದರಿಂದ ಸಾಯುವ ಸಂಭವ ಹೆಚ್ಚು. ಬೊಜ್ಜು ಇರುವವರಿಗೆ ಒರಟು ಬಗೆಯದು ಬರುವ ಸಂಭವ ಹೆಚ್ಚು. ಇವೆರಡಕ್ಕೆ ಪುರಾವೆ ಚೆನ್ನಾಗಿದೆ. ಅತಿಯಾದ ಹಾಲು, ಕ್ಯಾಲ್ಸಿಯಂ ಬಗ್ಗೆ ಅನುಮಾನವಿದೆ. ಕೆಂಪು ಮಾಂಸದ ಬಗ್ಗೆಯೂ ಇದೆ. ರಾತ್ರಿ ಪಾಳಿಯ ಬಗ್ಗೆಯೂ ಇದೆ. ಟೊಮೆಟೊ ತಿಂದರೆ ಬರುವುದಿಲ್ಲ ಎಂದು ವಾಟ್ಸಾಪಿನಲ್ಲಿ ತಿರುಗುವ ಮಾತಿಗೆ ಗಟ್ಟಿ ಆಧಾರವಿಲ್ಲ. ತಿನ್ನಿ, ಸಾರಿಗೆ ಒಳ್ಳೆಯದು.

ಮಾತ್ರೆಯ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ವಿಟಮಿನ್ ಇ, ಸೆಲೆನಿಯಂ ಈ ಕ್ಯಾನ್ಸರನ್ನು ತಡೆಯುತ್ತವೆ ಎಂಬ ಆಸೆಯಿಂದ 2001ರಲ್ಲಿ ಅಮೆರಿಕದಲ್ಲಿ ‘ಸೆಲೆಕ್ಟ್’ ಎಂಬ ದೊಡ್ಡ ಪ್ರಯೋಗ ಶುರುವಾಯಿತು, 35 ಸಾವಿರಕ್ಕೂ ಹೆಚ್ಚು ಗಂಡಸರು ಸೇರಿದರು. ಪ್ರಯೋಜನ ಕಾಣದೆ 2008ರಲ್ಲಿ ಮಾತ್ರೆ ನಿಲ್ಲಿಸಿದರು. 2011ರಲ್ಲಿ ಪೂರ್ತಿ ಲೆಕ್ಕ ಬಂದಾಗ ವಿಟಮಿನ್ ಇ ನುಂಗಿದವರಲ್ಲಿ ಕ್ಯಾನ್ಸರ್ ನೂರಕ್ಕೆ 17ರಷ್ಟು ಹೆಚ್ಚಾಗಿತ್ತು. ಕಾಪಾಡುತ್ತದೆ ಎಂದು ನುಂಗಿದ್ದೇ ಕಚ್ಚಿತು. ‘ಪ್ರಾಸ್ಟೇಟ್‌ಗೆ ರಾಮಬಾಣ’ ಎಂದು ಡಬ್ಬಿ ಮಾರುವವರು ಮನೆಬಾಗಿಲಿಗೆ ಬಂದಾಗ ಈ ಲೆಕ್ಕ ಒಪ್ಪಿಸಿ.

ತೋಟದವನಾದ ನನ್ನನ್ನು ಹೆಚ್ಚು ಕಾಡಿದ್ದು ಮಾರ್ಟಿನಿಕ್, ಗ್ವಾಡಲೂಪ್ ಎಂಬ ಎರಡು ದ್ವೀಪಗಳ ಕಥೆ. ಕೆರಿಬಿಯನ್ ಸಮುದ್ರದಲ್ಲಿವೆ, ಫ್ರಾನ್ಸಿಗೆ ಸೇರಿದವು, ಬಾಳೆಯೇ ಬದುಕು. ಬಾಳೆಯ ಗೆಡ್ಡೆ ಕೊರೆಯುವ ಮೂತಿಹುಳು ಕೊಲ್ಲಲು 1972ರಿಂದ 1993ರವರೆಗೆ ಅಲ್ಲಿ ಕ್ಲೋರ್ಡೆಕೋನ್ ಎಂಬ ವಿಷ ಹಾಕಿದರು. ಫ್ರಾನ್ಸ್ 1990ರಲ್ಲೇ ಅದನ್ನು ನಿಷೇಧಿಸಿದ್ದರೂ ದ್ವೀಪಗಳಿಗೆ ಇನ್ನೂ ಮೂರು ವರ್ಷ ವಿನಾಯಿತಿ ಸಿಕ್ಕಿತು. ಮಣ್ಣಿಗೆ ಬಿದ್ದರೆ ದಶಕಗಟ್ಟಲೆ ಹೋಗದ ವಿಷ ಅದು. ಇವತ್ತಿಗೂ ಅಲ್ಲಿನ ಹತ್ತರಲ್ಲಿ ಒಂಬತ್ತು ದೊಡ್ಡವರ ರಕ್ತದಲ್ಲಿ ಅದರ ಅಂಶವಿದೆ. ರಕ್ತದಲ್ಲಿ ಅದು ಹೆಚ್ಚಿದ್ದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯವೂ ಹೆಚ್ಚು ಎಂದು 2010ರಲ್ಲಿ ಗ್ವಾಡಲೂಪ್‌ನ ಅಧ್ಯಯನ ಹೇಳಿತು. 2021ರ ಕೊನೆಯಲ್ಲಿ ಫ್ರಾನ್ಸ್ ಸರ್ಕಾರ ಬಾಳೆ ತೋಟದ ಕಾರ್ಮಿಕರ ಈ ಕ್ಯಾನ್ಸರನ್ನು ಕಸುಬಿನಿಂದ ಬಂದ ಕಾಯಿಲೆ ಎಂದು ಒಪ್ಪಿತು. ಕೊಕ್ಕಡ, ಪಟ್ರಮೆಗಳ ಗೇರುಗುಡ್ಡದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಾಲವನ್ನು ಕಂಡ ಜಿಲ್ಲೆಗಳವರಿಗೆ ಇದು ದೂರದ ಕಥೆ ಅನ್ನಿಸಲಿಕ್ಕಿಲ್ಲ. ಅಲ್ಲಿ ಆದ ಅನಾಹುತ ಬೇರೆ ಬಗೆಯದು, ಇದರೊಂದಿಗೆ ಗಂಟು ಹಾಕುವುದು ತಪ್ಪು. ಆದರೆ ನಮ್ಮ ಮನೆಗಳಲ್ಲಿ ಔಷಧಿ ಹೊಡೆಯುವವರು ಲುಂಗಿ ಎತ್ತಿ ಕಟ್ಟಿಕೊಂಡು ಬರಿಗೈಯಲ್ಲಿ ಕಲಸುತ್ತಾರೆ. ಹಾಳೆಯಲ್ಲಿ ಅದಕ್ಕೂ ಒಂದು ಜಾಗ ಇಡಿ: ಯಾರು, ಎಷ್ಟು ವರ್ಷ, ಏನು ಹೊಡೆದರು.

ಇನ್ನು ಕಾರಣ ಅಲ್ಲದವು. ಹರೆಯದಲ್ಲಿ ಮಾಡಿದ ಯಾವುದೋ ‘ತಪ್ಪಿನಿಂದ’ ಇದು ಬರುವುದಿಲ್ಲ. ಹಸ್ತಮೈಥುನದಿಂದ ಬರುವುದಿಲ್ಲ. ವೀರ್ಯ ನಷ್ಟವಾದರೆ ರೋಗ ಎಂದು ಹೆದರಿಸುವ ಜಾಹೀರಾತುಗಳನ್ನು ಓದಿ ಬೆಳೆದವರಿಗೆ ಹೇಳುತ್ತೇನೆ: ಸಾವಿರಾರು ಗಂಡಸರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಅಮೆರಿಕದ ಅಧ್ಯಯನದಲ್ಲಿ ಹೆಚ್ಚು ಬಾರಿ ಸ್ಖಲನವಾಗುವವರಲ್ಲಿ ಈ ಕ್ಯಾನ್ಸರ್ ಸ್ವಲ್ಪ ಕಡಿಮೆಯೇ ಕಂಡಿತು. ಸಂತಾನಹರಣ ಚಿಕಿತ್ಸೆಯಿಂದ ಬರುತ್ತದೆ ಎಂಬುದಕ್ಕೂ ಗಟ್ಟಿ ಪುರಾವೆಯಿಲ್ಲ. ಹೆಂಡತಿಗೆ ಅಂಟುವುದಿಲ್ಲ. ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿ ಬಂದದ್ದು ನಾಚಿಕೆಯ ಕಾರಣಕ್ಕೆ. ನಮ್ಮಪ್ಪ ಮೂತ್ರದ ತೊಂದರೆಯನ್ನು ಅಮ್ಮನ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ. ಸೊಂಟನೋವನ್ನಾದರೆ ಜಗಲಿಯಲ್ಲಿ ಕೂತು ನಾಲ್ಕು ಜನರೆದುರು ಹೇಳಿಕೊಳ್ಳಬಹುದು, ಮರ್ಯಾದೆಯ ನೋವು ಅದು.

ಹಾಳೆ ತುಂಬಿಸಲು ಕೂತಾಗ ನಿಮಗೂ ಇಂಥ ಮರ್ಯಾದೆಯ ಪದಗಳೇ ಸಿಗುತ್ತವೆ. ‘ಸೊಂಟ ಬಿದ್ದು ಹೋಯಿತು’, ‘ಉಚ್ಚೆ ಕಟ್ಟಿತು’, ‘ಸೊರಗಿ ಸೊರಗಿ ಹೋದರು’, ‘ಹೊಟ್ಟೆಯಲ್ಲಿ ಗಡ್ಡೆ’, ‘ದೊಡ್ಡ ಕಾಯಿಲೆ’. ಇವುಗಳ ಬೆನ್ನು ಹತ್ತಿ ಕೇಳಿ. ಉಚ್ಚೆ ಕಟ್ಟುವುದು ಬಹುಪಾಲು ಸಾದಾ ಊತದಿಂದ, ಬೆನ್ನುಮೂಳೆಯ ನೋವು ಕ್ಷಯದಿಂದಲೂ ಆದೀತು, ಆದ್ದರಿಂದ ಪದ ಕೇಳಿದ ಕೂಡಲೇ ಕ್ಯಾನ್ಸರ್ ಎಂದು ಬರೆಯಬೇಡಿ. ಅವರು ಹೇಳಿದಂತೆಯೇ ಬರೆದುಕೊಳ್ಳಿ. ಎಷ್ಟನೇ ವಯಸ್ಸು, ಎಷ್ಟು ತಿಂಗಳು, ಯಾವ ಊರಿನ ಆಸ್ಪತ್ರೆ. ಅರ್ಥ ಹಚ್ಚುವುದನ್ನು ವೈದ್ಯರಿಗೆ ಬಿಡಿ.

ಸರ್ಕಾರಿ ಕಾಗದ ನೆಚ್ಚಿಕೊಳ್ಳಬೇಡಿ. ಲ್ಯಾಮಿನೇಟ್ ಮಾಡಿಸಿ ಬೀರುವಿನಲ್ಲಿಟ್ಟ ಮರಣ ಪ್ರಮಾಣಪತ್ರ ತೆಗೆದು ನೋಡಿ. ಹೆಸರು, ತಾರೀಕು, ಸ್ಥಳ ಎಲ್ಲ ಇದೆ, ಕಾರಣ ಇಲ್ಲ. ಗುಮಾಸ್ತರ ತಪ್ಪಲ್ಲ ಅದು. ಜನನ ಮರಣ ನೋಂದಣಿ ಕಾಯ್ದೆ, 1969ರ 17ನೇ ಕಲಮಿನ ಪ್ರಕಾರ ಯಾರಿಗೆ ಕೊಡುವ ಪ್ರತಿಯಲ್ಲೂ ಸಾವಿನ ಕಾರಣ ತೋರಿಸುವಂತಿಲ್ಲ. ಕಾರಣ ಇರುವುದು ವೈದ್ಯರು ಬೇರೆಯಾಗಿ ಬರೆದುಕೊಡುವ ಪ್ರಮಾಣಪತ್ರದಲ್ಲಿ. 2023ರ ತಿದ್ದುಪಡಿಯ ನಂತರ ಅದರ ಪ್ರತಿ ಹತ್ತಿರದ ಸಂಬಂಧಿಗೂ ಸಿಗಬೇಕು. ಆ ಗಡಿಬಿಡಿಯಲ್ಲಿ ಯಾರಿಗೂ ನೆನಪಿರುವುದಿಲ್ಲ, ಆದ್ದರಿಂದ ಮನೆಯಲ್ಲಿ ಒಬ್ಬರಾದರೂ ಕೇಳಿ ತೆಗೆದಿಟ್ಟುಕೊಳ್ಳಿ. ಬಯಾಪ್ಸಿ ವರದಿ, ಡಿಸ್ಚಾರ್ಜ್ ಸಮ್ಮರಿಗಳನ್ನು ಹಾಸಿಗೆ ಬಟ್ಟೆಗಳ ಜೊತೆ ಸುಡಬೇಡಿ, ಹೊಳೆಗೂ ಬಿಡಬೇಡಿ. ನಾವು ಅಪ್ಪನ ಎಕ್ಸ್‌ರೇ ಹಾಳೆಗಳನ್ನು ಗ್ರಹಣ ನೋಡಲು ಬಳಸಿದವರು. ಕಣ್ಣಿಗೂ ಕೇಡು, ಮನೆಗೂ ಕೇಡು.

ಹಾಳೆ ತುಂಬಿದ ಮೇಲೆ ಏನು? ನಮ್ಮ ದೇಶದಲ್ಲಿ ಸರ್ಕಾರದ ಕ್ಯಾನ್ಸರ್ ತಪಾಸಣೆ ಕಾರ್ಯಕ್ರಮ ಇರುವುದು ಬಾಯಿ, ಸ್ತನ, ಗರ್ಭಕೊರಳಿಗೆ. ಪ್ರಾಸ್ಟೇಟ್ ಪರೀಕ್ಷೆಗೆ ಬನ್ನಿ ಎಂದು ಆಶಾ ಕಾರ್ಯಕರ್ತೆ ಬಾಗಿಲು ತಟ್ಟುವುದಿಲ್ಲ. ನಾವೇ ಹೋಗಬೇಕು. ಪಿಎಸ್‌ಎ ಒಂದು ರಕ್ತಪರೀಕ್ಷೆ, ಕೆಲವು ನೂರು ರೂಪಾಯಿಯ ಮಾತು. ಆದರೆ ಎಲ್ಲರೂ ಕಣ್ಣುಮುಚ್ಚಿ ಮಾಡಿಸಿ ಎಂದು ನಾನು ಹೇಳಲಾರೆ. ಸಾದಾ ಊತಕ್ಕೂ ಸೋಂಕಿಗೂ ಆ ಅಂಕಿ ಏರುತ್ತದೆ. ಮೊದಲೇ ಹೇಳಿದೆನಲ್ಲ, ಯಾರನ್ನೂ ಕೊಲ್ಲದ ಸಣ್ಣ ಚುಕ್ಕೆಗಳೂ ಇದರಲ್ಲಿ ಸಿಕ್ಕಿಬೀಳುತ್ತವೆ. ಅವುಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮೂತ್ರದ ಹಿಡಿತವನ್ನೂ ದಾಂಪತ್ಯದ ಸುಖವನ್ನೂ ಕಳೆದುಕೊಂಡವರು ಪಶ್ಚಿಮದ ದೇಶಗಳಲ್ಲಿ ಬಹಳ. 1970ರಲ್ಲಿ ಪ್ರಾಸ್ಟೇಟಿನ ಆ್ಯಂಟಿಜೆನ್ ಗುರುತಿಸಿದ ರಿಚರ್ಡ್ ಆ್ಯಬ್ಲಿನ್ ಎಂಬ ವಿಜ್ಞಾನಿಯೇ ಮುಂದೆ ಇದನ್ನು ಎಲ್ಲರಿಗೂ ಮಾಡುವುದನ್ನು ಕಟುವಾಗಿ ವಿರೋಧಿಸಿದರು. ಈಗ ಎಂಆರ್‌ಐ ನೋಡಿ, ಬೇಕಿದ್ದರಷ್ಟೇ ಬಯಾಪ್ಸಿ ಮಾಡಿ, ಸೌಮ್ಯ ಬಗೆಯದಾದರೆ ಮುಟ್ಟದೆ ಕಾದು ನೋಡುವ ಪದ್ಧತಿ ಬಂದು ಆ ಹಾನಿ ತಗ್ಗಿದೆ.

ಆದ್ದರಿಂದಲೇ ಹಾಳೆ ಬೇಕು. ಯಾರು ಬೇಗ ಹೋಗಬೇಕು, ಯಾರು ಕಾಯಬಹುದು ಎಂದು ಅದು ಹೇಳುತ್ತದೆ. ಮನೆಯಲ್ಲಿ ಯಾರಿಗೂ ಇಲ್ಲದಿದ್ದರೆ ಐವತ್ತರ ಹೊತ್ತಿಗೆ ವೈದ್ಯರೊಡನೆ ಈ ಮಾತೆತ್ತಿದರೆ ಸಾಕು. ಅಪ್ಪನಿಗೋ ಅಣ್ಣತಮ್ಮನಿಗೋ ಇದ್ದರೆ ನಲವತ್ತೈದಕ್ಕೆ. ಒಬ್ಬರಿಗಿಂತ ಹೆಚ್ಚು ಮಂದಿಗೆ ಇದ್ದರೆ ಅಥವಾ ಬಿಆರ್‌ಸಿಎ–2 ದೋಷ ಇದೆಯೆಂದು ಗೊತ್ತಿದ್ದರೆ ನಲವತ್ತಕ್ಕೆ. ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೆಚ್ಚುಕಡಿಮೆ ಹೇಳುವುದು ಇದನ್ನೇ. ಹೋಗುವಾಗ ಹಾಳೆ ಜೇಬಿನಲ್ಲಿರಲಿ. ಕೂದಲು ಉದುರದಿರಲು ಫಿನಾಸ್ಟರೈಡ್ ನುಂಗುತ್ತಿದ್ದರೆ ನಾಚದೆ ಹೇಳಿ, ಅದು ಪಿಎಸ್‌ಎ ಅಂಕಿಯನ್ನು ಅರ್ಧಕ್ಕೆ ಇಳಿಸಿಬಿಡುತ್ತದೆ, ವೈದ್ಯರು ಮೋಸ ಹೋಗುತ್ತಾರೆ. ಮೂತ್ರದಲ್ಲಿ ರಕ್ತ, ವಾರಗಟ್ಟಲೆ ಬಿಡದ ಸೊಂಟ–ಮೂಳೆ ನೋವು ಇದ್ದರೆ ವಯಸ್ಸು, ವಂಶ ಎಂದು ಕೂರಬೇಡಿ, ನಾಳೆಯೇ ಹೋಗಿ. ಕಾಲಿನ ಬಲ ಕುಗ್ಗಿದರೆ ನಾಳೆಯೂ ಅಲ್ಲ, ಇವತ್ತೇ.

ಈ ಕಾಯಿಲೆ ಇರುವವರಿಗೆ ಬೇರೆಯಾಗಿ ಒಂದು ಮಾತು. ನೀವು ಯಾರಿಗೂ ಹೇಳದೆ ಇಂಜೆಕ್ಷನ್ ತೆಗೆದುಕೊಂಡು ಬರುತ್ತಿರಬಹುದು. ಮಗಳ ಮದುವೆ ಆಗಲಿ, ಆಮೇಲೆ ನೋಡೋಣ ಎಂದು ಮುಚ್ಚಿಟ್ಟಿರಬಹುದು. ಹಾಗೆ ಮುಚ್ಚಿಟ್ಟ ಮೂರು ಮನೆಗಳು ನಮ್ಮೂರಲ್ಲೇ ಇವೆಯೆಂದು ಅಣ್ಣ ಬಾಯಿಬಿಟ್ಟ ಮೇಲೆ ಗೊತ್ತಾಯಿತು. ಊರಿಗೆಲ್ಲ ಸಾರಬೇಕಿಲ್ಲ. ನಿಮ್ಮ ತಮ್ಮಂದಿರಿಗೆ, ಗಂಡುಮಕ್ಕಳಿಗೆ, ಅಕ್ಕತಂಗಿಯರಿಗೆ ಹೇಳಿ. ಅಣ್ಣ ನನಗೆ ಹೇಳಿದ ಮರುವಾರ ನಾನು ಪರೀಕ್ಷೆ ಮಾಡಿಸಿದೆ. ಸದ್ಯಕ್ಕೆ ಸರಿಯಿದೆ, ವರ್ಷಕ್ಕೊಮ್ಮೆ ಬನ್ನಿ ಎಂದಿದ್ದಾರೆ. ಅಣ್ಣನಿಗೆ ಯಾರೂ ಹೇಳಿರಲಿಲ್ಲ.

ಹೆಂಗಸರಲ್ಲಿ ಮನವಿ: ಈ ಹಾಳೆ ತುಂಬಿಸಲು ನೀವೇ ಬೇಕು. ಯಾರು ಯಾವಾಗ ಮಲಗಿದರು, ಯಾರಿಗೆ ಎಷ್ಟು ದಿನ ಗಂಜಿ ಕುಡಿಸಿದಿರಿ, ಯಾರ ಬಟ್ಟೆಯಲ್ಲಿ ರಕ್ತ ಕಂಡಿರಿ ಎಂಬುದು ನೆನಪಿರುವುದು ನಿಮಗೆ. ಗಂಡಸರಿಗೆ ನೆನಪಿರುವುದು ಸರ್ವೆ ನಂಬರು.

ನನ್ನ ಹಾಳೆಯಲ್ಲಿ ಅಪ್ಪನ ಕಡೆ ತುಂಬಿತು. ಅಪ್ಪನ ಚೌಕದಲ್ಲಿ ‘ಸೊಂಟನೋವು, 1994, 68 ವರ್ಷ, ಮೂತ್ರದ ತೊಂದರೆ ಇತ್ತು, ಕಾಲು ಹೋಗಿತ್ತು’ ಎಂದು ಬರೆದೆ. ಅಮ್ಮನ ಕಡೆ ಪೂರ್ತಿ ಖಾಲಿ. ಕೊಪ್ಪದ ಹತ್ತಿರ ಚಿಕ್ಕಮ್ಮ ಇದ್ದಾರೆ, ಎಂಬತ್ತಾರು ವರ್ಷ. ಕಳೆದ ತಿಂಗಳು ಹಾಳೆ ಹಿಡಿದುಕೊಂಡು ಹೋದೆ. “ಈಗ ಅದೆಲ್ಲ ಎಂತಕೋ ನಿಂಗೆ, ಆಸ್ತಿ ಪಾಲಾಗಿ ಎಷ್ಟು ಕಾಲ ಆತು” ಎಂದು ಮೊದಲು ನಕ್ಕರು. ಅಣ್ಣನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಎಲೆಯಡಿಕೆಯ ತಟ್ಟೆ ಬದಿಗೆ ಸರಿಸಿದರು.

“ನಮ್ಮಕ್ಕ ಇದ್ಲಲ್ಲ, ನಿನ್ನ ದೊಡ್ಡಮ್ಮ. ಬಾಣಂತಿ ಸನ್ನಿ ಅಂತ ಹೇಳ್ತಾ ಬಂದ್ವಿ ಎಲ್ಲರೂ. ಸನ್ನಿ ಅಲ್ಲ ಅದು. ಎದೆಯಲ್ಲಿ ಗಂಟು. ನಂಗೆ ಮಾತ್ರ ತೋರ್ಸಿದ್ಲು” ಎಂದರು. “ಬರ್ಕೊ.”